ಲಾಕ್-ಇನ್ ಮುಗಿಯುವ ದಿನ: ಕಚೇರಿ ಕಟ್ಟಡದ ಲೆಕ್ಕದಲ್ಲಿ ಸೆನ್ಸಿಟಿವಿಟಿ ಮತ್ತು ಸನ್ನಿವೇಶ

ಕಚೇರಿ ಕಟ್ಟಡವೊಂದನ್ನು ಕೊಳ್ಳಬಹುದೇ ಎಂದು ಕೇಳಿಕೊಂಡು ಬರುವವರು ತರುವ ಎಕ್ಸೆಲ್ ಕಡತಗಳಲ್ಲಿ ಸೆನ್ಸಿಟಿವಿಟಿ ಕೋಷ್ಟಕ (ಊಹೆ ಬದಲಾದರೆ ಲಾಭ ಎಷ್ಟು ಬದಲಾಗುತ್ತದೆ ಎಂದು ತೋರಿಸುವ ಪಟ್ಟಿ) ಇಲ್ಲದ ಕಡತ ಈಗ ಅಪರೂಪ. ಮೇಲಿನ ಸಾಲಿನಲ್ಲಿ ಮಾರಾಟದ ಹೊತ್ತಿನ ಕ್ಯಾಪ್ ರೇಟ್ (ವರ್ಷದ ನಿವ್ವಳ ಆದಾಯ ಬೆಲೆಯ ಶೇಕಡಾ ಎಷ್ಟು ಎಂಬುದು), ಎಡಬದಿಯಲ್ಲಿ ಬಾಡಿಗೆಯ ಏರಿಕೆ, ನಡುವಿನ ಇಪ್ಪತ್ತೈದು ಮನೆಗಳಲ್ಲಿ ಹಾಕಿದ ಹಣಕ್ಕೆ ವರ್ಷಕ್ಕೆ ಸಿಗುವ ಲಾಭದ ದರವಾದ ಐಆರ್‌ಆರ್. ಬಯಸಿದ ಲಾಭಕ್ಕಿಂತ ಮೇಲಿರುವ ಮನೆಗಳು ಹಸಿರು, ಕೆಳಗಿರುವವು ಕೆಂಪು. ಹಸಿರು ಮನೆಗಳು ಹೆಚ್ಚಾಗಿ ಕಂಡರೆ ಎಲ್ಲರಿಗೂ ಸಮಾಧಾನವಾಗುತ್ತದೆ, ಟೋಕನ್ ಹಣದ ಮಾತು ಶುರುವಾಗುತ್ತದೆ.

ಆ ಕೋಷ್ಟಕ ಬೇಡವೆಂದು ನಾನು ಹೇಳುವುದಿಲ್ಲ. ಲೆಕ್ಕವು ಯಾವ ಊಹೆಯ ಮೇಲೆ ಎಷ್ಟು ಭಾರ ಹಾಕಿ ನಿಂತಿದೆ ಎಂಬುದನ್ನು ಅದು ಚೆನ್ನಾಗಿಯೇ ತೋರಿಸುತ್ತದೆ. ಆದರೆ ಒಬ್ಬನೇ ಬಾಡಿಗೆದಾರ ಇರುವ ಕಟ್ಟಡದಲ್ಲಿ ನಷ್ಟ ಬರುವ ದಾರಿ ಬೇರೆಯೇ ಇದೆ. ಸಾಲ ಎಷ್ಟು ತೆಗೆಯಬೇಕು ಎಂಬ ನಿರ್ಧಾರವನ್ನು ಆ ದಾರಿಯನ್ನು ನೋಡಿಯೇ ಮಾಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದನ್ನು ಒಂದೇ ಉದಾಹರಣೆಯನ್ನು ಹಿಡಿದು ವಿವರಿಸುತ್ತೇನೆ. ಸಂಖ್ಯೆಗಳು ನಾನು ಲೆಕ್ಕಕ್ಕಾಗಿ ಆರಿಸಿಕೊಂಡವು. ಓದುವವರು ತಮ್ಮ ಹಾಳೆಯಲ್ಲಿ ಹಾಕಿ ಪರೀಕ್ಷಿಸಬಹುದು. ಜಿಎಸ್‌ಟಿ ಮತ್ತು ಆದಾಯ ತೆರಿಗೆಯನ್ನು ಬದಿಗಿಟ್ಟಿದ್ದೇನೆ.

ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಿ 1,00,000 ಚದರ ಅಡಿಯ ಒಂದು ಕಟ್ಟಡ ಇದೆ ಎಂದುಕೊಳ್ಳೋಣ. ಬಾಡಿಗೆ ಚದರ ಅಡಿಗೆ ತಿಂಗಳಿಗೆ 90 ರೂಪಾಯಿ, ಅಂದರೆ ವರ್ಷಕ್ಕೆ 10.80 ಕೋಟಿ. ಖಾಲಿ ಬೀಳುವುದಕ್ಕೆಂದು ವಾಡಿಕೆಯಂತೆ ಶೇ 5 ಕಳೆದರೆ 10.26 ಕೋಟಿ, ಆಸ್ತಿ ತೆರಿಗೆ, ವಿಮೆ, ಮ್ಯಾನೇಜ್‌ಮೆಂಟ್ ಶುಲ್ಕ ಮುಂತಾಗಿ ಬಾಡಿಗೆದಾರನಿಂದ ವಸೂಲಾಗದ ಖರ್ಚು 0.66 ಕೋಟಿ ಕಳೆದರೆ ನಿವ್ವಳ ಆದಾಯ 9.60 ಕೋಟಿ. ಬೆಲೆ 120 ಕೋಟಿ, ಆದ್ದರಿಂದ ಕೊಳ್ಳುವ ಕ್ಯಾಪ್ ರೇಟ್ ಶೇ 8. ಕರ್ನಾಟಕದಲ್ಲಿ ಶೇ 5ರ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ ಮತ್ತು ಸರ್ಚಾರ್ಜ್, 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿದ ನೋಂದಣಿ ಶುಲ್ಕ ಎಲ್ಲವೂ ಸೇರಿ ಪಟ್ಟಣ ಪ್ರದೇಶದಲ್ಲಿ ಶೇ 7.6 ಆಗುತ್ತದೆ. 120 ಕೋಟಿಯ ಮೇಲೆ ಅದು 9.12 ಕೋಟಿ. ಈ ಒಂದು ಸಾಲನ್ನು ಬಿಟ್ಟು ಮಾಡಿದ ಲೆಕ್ಕಗಳನ್ನು ನೋಡುತ್ತಲೇ ಇರುತ್ತೇನೆ. ಮೊದಲ ವರ್ಷದ ಇಡೀ ನಿವ್ವಳ ಆದಾಯ ಹೆಚ್ಚುಕಡಿಮೆ ಇದಕ್ಕೇ ಹೋಗುತ್ತದೆ ಎಂಬುದು ಆಗ ಮರೆಯಾಗಿಬಿಡುತ್ತದೆ.

ಅರ್ಧ ಬೆಲೆಗೆ, ಅಂದರೆ 60 ಕೋಟಿಗೆ, ಬ್ಯಾಂಕಿನಿಂದ ಎಲ್‌ಆರ್‌ಡಿ ಸಾಲ: ಬರುವ ಬಾಡಿಗೆಯನ್ನೇ ಆಧಾರವಾಗಿಟ್ಟು ಕೊಡುವ ಸಾಲ, ಶೇ 9ರ ಬದಲಾಗುವ ಬಡ್ಡಿ, 15 ವರ್ಷದ ಅವಧಿ. ವರ್ಷದ ಇಎಂಐ 7.30 ಕೋಟಿ. ನಿವ್ವಳ ಆದಾಯವನ್ನು ಇಎಂಐಯಿಂದ ಭಾಗಿಸಿದರೆ ಬರುವ ಡಿಎಸ್‌ಸಿಆರ್ 1.31; ಬ್ಯಾಂಕಿನವರು ತಲೆಯಾಡಿಸುವ ಸಂಖ್ಯೆ. ಕೈಯಿಂದ ಹಾಕುವ ಹಣ 69.12 ಕೋಟಿ. ಮೂರು ವರ್ಷದ ನಂತರ ಬಾಡಿಗೆ ಶೇ 15 ಏರುತ್ತದೆ, ಖರ್ಚು ವರ್ಷಕ್ಕೆ ಶೇ 5ರಂತೆ ಬೆಳೆಯುತ್ತದೆ, ಐದು ವರ್ಷ ಇಟ್ಟುಕೊಂಡು ಆರನೆಯ ವರ್ಷದ ನಿವ್ವಳ ಆದಾಯವಾದ 10.96 ಕೋಟಿಗೆ ಅದೇ ಶೇ 8ರ ಕ್ಯಾಪ್ ರೇಟ್ ಹಿಡಿದು ಮಾರಿದರೆ ಸಿಗುವುದು ಸುಮಾರು 137 ಕೋಟಿ. ಉಳಿದ ಸಾಲ 48 ಕೋಟಿ ತೀರಿಸಿ ಲೆಕ್ಕ ಹಾಕಿದರೆ ಐಆರ್‌ಆರ್ ಶೇ 8.8.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಇದೇ ಕಟ್ಟಡವನ್ನು ಸಾಲವಿಲ್ಲದೆ ಪೂರ್ತಿ ಸ್ವಂತ ಹಣದಲ್ಲಿ ಕೊಂಡರೂ ಐಆರ್‌ಆರ್ ಶೇ 8.8ರ ಆಸುಪಾಸಿನಲ್ಲೇ ಬರುತ್ತದೆ. ಶೇ 8 ಕೊಡುವ ಆಸ್ತಿಗೆ ಶೇ 9ರ ಸಾಲ ತೆಗೆದಾಗ ಬಾಡಿಗೆಯ ಏರಿಕೆ ಮತ್ತು ಮಾರಾಟದ ಲಾಭ ಸೇರಿ ಅಂತರವನ್ನು ಹೇಗೋ ಸರಿದೂಗಿಸುತ್ತವೆ, ಅದಕ್ಕಿಂತ ಹೆಚ್ಚೇನನ್ನೂ ಕೊಡುವುದಿಲ್ಲ. ಸಾಲದಿಂದ ಲಾಭ ಹೆಚ್ಚುತ್ತದೆ ಎಂಬ ನಂಬಿಕೆಯಿಂದಲೇ ಹಲವರು ಶುರುಮಾಡುತ್ತಾರಾದ್ದರಿಂದ, ಬೇರೆ ಯಾವ ಪರೀಕ್ಷೆಗೂ ಮೊದಲು ಸಾಲ ಇದ್ದಾಗಿನ ಮತ್ತು ಇಲ್ಲದಾಗಿನ ಐಆರ್‌ಆರ್ ಎರಡನ್ನೂ ಪಕ್ಕಪಕ್ಕದಲ್ಲಿ ಬರೆದಿಡುವುದು ಒಳ್ಳೆಯದು.

ಈಗ ಸೆನ್ಸಿಟಿವಿಟಿ. ಒಂದು ಸಲಕ್ಕೆ ಒಂದೇ ಊಹೆಯನ್ನು ಅಲುಗಿಸಿ, ಉಳಿದೆಲ್ಲವನ್ನೂ ಇದ್ದಂತೆಯೇ ಇಟ್ಟು ನೋಡಿದರೆ ಹೀಗೆ ಬರುತ್ತದೆ. ಶುರುವಿನ ಬಾಡಿಗೆ ಶೇ 5 ಕಡಿಮೆಯಾದರೆ ಐಆರ್‌ಆರ್ 8.8ರಿಂದ 6.4ಕ್ಕೆ ಇಳಿಯುತ್ತದೆ. ಮಾರಾಟದ ಕ್ಯಾಪ್ ರೇಟ್ 8ರ ಬದಲು 8.5 ಆದರೆ 7.0ಕ್ಕೆ, 9 ಆದರೆ 5.2ಕ್ಕೆ. ಬಡ್ಡಿ ಮೊದಲಿನಿಂದಲೂ ಶೇ 1 ಹೆಚ್ಚಿದ್ದರೆ 8.1ಕ್ಕೆ. ಖರ್ಚು ಶೇ 20 ಹೆಚ್ಚಿದರೆ 8.2ಕ್ಕೆ. ಖರ್ಚಿನ ಸಾಲುಗಳ ಬಗ್ಗೆ ವಾರಗಟ್ಟಲೆ ಚೌಕಾಸಿ ನಡೆಸಿ ಮಾರಾಟದ ಕ್ಯಾಪ್ ರೇಟನ್ನು ಅರ್ಧ ನಿಮಿಷದಲ್ಲಿ ತುಂಬಿಬಿಡುವವರಿಗೆ ಈ ಸಾಲುಗಳು ತುಂಬ ಉಪಯೋಗಕ್ಕೆ ಬರುತ್ತವೆ. ಕ್ಯಾಪ್ ರೇಟು ಶೇ 9 ಆದಾಗ ಸಾಲವಿಲ್ಲದ ಖರೀದಿಯ ಐಆರ್‌ಆರ್ 6.8ರಲ್ಲಿ ನಿಂತಿರುತ್ತದೆ, ಸಾಲ ಮಾಡಿದ್ದು 5.2ಕ್ಕೆ ಕುಸಿದಿರುತ್ತದೆ. ಒಳ್ಳೆಯ ಕಾಲದಲ್ಲಿ ಏನೂ ಕೊಡದ ಸಾಲ ಕೆಟ್ಟ ಕಾಲದಲ್ಲಿ ಒಂದೂವರೆ ಶೇಕಡಾಕ್ಕಿಂತ ಹೆಚ್ಚನ್ನು ಕಿತ್ತುಕೊಂಡಿತು.

ಎಷ್ಟು ಅಲುಗಿಸಬೇಕು ಎಂಬುದರಲ್ಲಿಯೇ ಈ ವಿಶ್ಲೇಷಣೆಯ ಪ್ರಾಮಾಣಿಕತೆ ಇದೆ. ಎಲ್ಲ ಊಹೆಗಳನ್ನೂ ಸಮನಾಗಿ ಶೇ 10 ಮೇಲೆ, ಶೇ 10 ಕೆಳಗೆ ಎಂದು ಅಲುಗಿಸುವ ರೂಢಿ ನನಗೆ ಒಪ್ಪಿಗೆಯಿಲ್ಲ. ಸಹಿಯಾದ ಬಾಡಿಗೆ ಮೂರು ವರ್ಷ ಒಂದು ಪೈಸೆಯೂ ಅಲುಗದಿರಬಹುದು. ಬಡ್ಡಿಯ ವಿಷಯದಲ್ಲಿ ರಿಸರ್ವ್ ಬ್ಯಾಂಕ್ 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯಾದ ರೆಪೊ ದರವನ್ನು ಶೇ 4ರಿಂದ ಶೇ 6.5ಕ್ಕೆ ಏರಿಸಿತು, ಹತ್ತು ತಿಂಗಳೊಳಗೆ ಎರಡೂವರೆ ಶೇಕಡಾ. ನಮ್ಮ ಉದಾಹರಣೆಯ ಸಾಲಕ್ಕೆ ಅಷ್ಟನ್ನೂ ಸೇರಿಸಿ ಶೇ 11.5ರಲ್ಲಿ ಲೆಕ್ಕ ಹಾಕಿದರೆ ವರ್ಷದ ಇಎಂಐ 8.41 ಕೋಟಿ, ಡಿಎಸ್‌ಸಿಆರ್ 1.14. ನಡೆದುಹೋದದ್ದನ್ನು ಅಳತೆಗೋಲಾಗಿ ಇಟ್ಟುಕೊಂಡರೆ ಬಡ್ಡಿಯ ಸಾಲಿನಲ್ಲಿ ಅರ್ಧ ಶೇಕಡಾದ ಅಲುಗಾಟ ಸಾಲದೆಂದು ತಾನಾಗಿಯೇ ತಿಳಿಯುತ್ತದೆ.

ಎಕ್ಸೆಲ್‌ನ ಮಾತು ಬೇಗ ಮುಗಿಸುತ್ತೇನೆ. ಎರಡು ಊಹೆಗಳ ಕೋಷ್ಟಕಕ್ಕೆ ಡೇಟಾ ಟೇಬಲ್ ಸಾಕು. ಅದು ಅಲುಗಿಸುವ ಎರಡೂ ಇನ್‌ಪುಟ್ ಸೆಲ್‌ಗಳು ಕೋಷ್ಟಕ ಇರುವ ಹಾಳೆಯಲ್ಲಿಯೇ ಇರಬೇಕು. ಯಾವ ಬಾಡಿಗೆಗೆ ಡಿಎಸ್‌ಸಿಆರ್ ಒಂದಕ್ಕೆ ಇಳಿಯುತ್ತದೆ ಎಂಬಂಥ ಪ್ರಶ್ನೆಗಳಿಗೆ ಗೋಲ್ ಸೀಕ್ ಇದೆ. ಸನ್ನಿವೇಶಗಳನ್ನು ಒಂದು ಹಾಳೆಯಲ್ಲಿ ಕಂಬಕ್ಕೊಂದರಂತೆ ಬರೆದು, ಒಂದು ಸಂಖ್ಯೆಯನ್ನು ಬದಲಿಸಿದರೆ ಇಡೀ ಲೆಕ್ಕ ಆ ಕಂಬವನ್ನು ಓದಿಕೊಳ್ಳುವಂತೆ ಚೂಸ್ ಸೂತ್ರದಲ್ಲಿ ಕಟ್ಟಿದರೆ, ನೋಡುವವರಿಗೂ ಪ್ರತಿಯೊಂದು ಊಹೆ ಕಣ್ಣಿಗೆ ಕಾಣುತ್ತದೆ. ವರ್ಷದ ಲೆಕ್ಕ ಸಾಲದು, ತಿಂಗಳ ಲೆಕ್ಕ ಬೇಕು. ಅದು ಏಕೆಂದು ಬಾಡಿಗೆ ಪತ್ರವನ್ನು ಓದಿದರೆ ತಿಳಿಯುತ್ತದೆ.

ನಮ್ಮಲ್ಲಿ ಕಚೇರಿಯ ಲೀಸ್ ಸಾಮಾನ್ಯವಾಗಿ ಒಂಬತ್ತು ವರ್ಷದ್ದೆಂದು ಹೇಳಿಕೊಂಡರೂ ಅದು ಮೂರು-ಮೂರು-ಮೂರು ವರ್ಷಗಳ ತುಂಡುಗಳಾಗಿ ಬರುವುದು ವಾಡಿಕೆ. ಬಾಡಿಗೆದಾರ ಕಟ್ಟುಬಿದ್ದಿರುವುದು ಲಾಕ್-ಇನ್ ಅವಧಿಗೆ ಮಾತ್ರ, ಹೆಚ್ಚಾಗಿ ಮೊದಲ ಮೂರು ವರ್ಷಕ್ಕೆ. ಪತ್ರದಲ್ಲಿ ಹೇಳಿದಷ್ಟು ತಿಂಗಳ ಮೊದಲೇ ನೋಟಿಸ್ ಕೊಟ್ಟಿದ್ದರೆ ಅದು ಮುಗಿದ ಮೇಲೆ ಅವನು ಹೊರಡಬಹುದು. ಬಾಡಿಗೆ ಸರಿಯಾಗಿ ಬರುತ್ತಿರುವವರೆಗೆ ಮಾಲೀಕ ಮಾತ್ರ ಅವನನ್ನು ಬಿಡಿಸುವಂತಿಲ್ಲ. ಶೇ 15ರ ಏರಿಕೆಯೂ ಮೂರು ವರ್ಷಕ್ಕೊಮ್ಮೆ. ಈ ಎರಡು ಕಲಮುಗಳನ್ನು ಒಟ್ಟಿಗಿಟ್ಟು ನೋಡಿ: ಬಾಡಿಗೆ ಶೇ 15 ಏರುವ ದಿನವೂ, ಬಾಡಿಗೆದಾರ ಬಿಟ್ಟುಹೋಗಲು ಸ್ವತಂತ್ರನಾಗುವ ದಿನವೂ ಒಂದೇ. ನಮ್ಮ ಲೆಕ್ಕದಲ್ಲಿ ಏರಿಕೆ ಖಚಿತವಾದ ಆದಾಯವಾಗಿ ಕೂತಿದೆ. ಬಿಟ್ಟುಹೋಗುವ ಹಕ್ಕು ಶೇ 5ರ ಖಾಲಿ ಎಂಬ ಸರಾಸರಿಯಲ್ಲಿ ಕರಗಿಹೋಗಿದೆ. ಪಕ್ಕದ ಕಟ್ಟಡದಲ್ಲಿ ಕಡಿಮೆ ಬಾಡಿಗೆಗೆ ಜಾಗ ಸಿಗುವಂತಿದ್ದರೆ ಬಾಡಿಗೆದಾರ ಕೂತು ಲೆಕ್ಕ ಹಾಕುವುದು ಅದೇ ದಿನವನ್ನು ಎದುರಿಗಿಟ್ಟುಕೊಂಡು.

ಇದರಿಂದಾಗಿಯೇ ಖಾಲಿಯ ಪ್ರಮಾಣವನ್ನು ಶೇ 5, 10, 15 ಎಂದು ಏರಿಸುತ್ತ ಹೋಗುವ ಕೋಷ್ಟಕ ಒಬ್ಬನೇ ಬಾಡಿಗೆದಾರ ಇರುವ ಕಟ್ಟಡಕ್ಕೆ ಹೊಂದುವುದಿಲ್ಲ. ಇಎಂಐ ಮತ್ತು ಖರ್ಚು ಎರಡನ್ನೂ ಭರಿಸಲು ಮೊದಲ ವರ್ಷ ಕಟ್ಟಡ ಕನಿಷ್ಠ ಶೇ 74ರಷ್ಟು ತುಂಬಿರಬೇಕು, ಶೇ 11.5ರ ಬಡ್ಡಿಯಲ್ಲಾದರೆ ಶೇ 84. ನಲವತ್ತು ಬಾಡಿಗೆದಾರರಿರುವ ಕಟ್ಟಡದಲ್ಲಿ ಈ ಸಂಖ್ಯೆಗೆ ಅರ್ಥವಿದೆ, ಏಕೆಂದರೆ ಅಲ್ಲಿ ಕೆಲವರು ಹೋಗುತ್ತಾರೆ, ಕೆಲವರು ಬರುತ್ತಾರೆ. ಇಲ್ಲಿ ಕಟ್ಟಡ ಒಂದೋ ಪೂರ್ತಿ ತುಂಬಿರುತ್ತದೆ, ಇಲ್ಲವೇ ಪೂರ್ತಿ ಖಾಲಿ ಇರುತ್ತದೆ. ಶೇ 84 ಎಂಬ ಸ್ಥಿತಿ ಒಂದು ದಿನವೂ ಬರುವುದಿಲ್ಲ. ಖಾಲಿ ಎಂಬುದನ್ನು ಇಂಥ ಕಟ್ಟಡದಲ್ಲಿ ಶೇಕಡಾವಾರಿನಲ್ಲಿ ಬರೆಯದೆ ತಾರೀಖಿನಲ್ಲಿ ಬರೆಯಬೇಕು.

ಹಾಗೆ ಬರೆದ ಸನ್ನಿವೇಶ ಇದು. ಮೂರನೆಯ ವರ್ಷದ ನಡುವೆ ನೋಟಿಸ್ ಬರುತ್ತದೆ, ವರ್ಷದ ಕೊನೆಗೆ ಬಾಡಿಗೆದಾರ ಕೀಲಿಕೈ ಒಪ್ಪಿಸುತ್ತಾನೆ. ಹೊಸ ಬಾಡಿಗೆದಾರ ಸಿಗಲು ಒಂಬತ್ತು ತಿಂಗಳು ಹಿಡಿಯುತ್ತದೆ, ಒಳಗಿನ ಕೆಲಸ ಮಾಡಿಸಿಕೊಳ್ಳಲು ಅವನಿಗೆ ಮೂರು ತಿಂಗಳು ಬಾಡಿಗೆ ಬಿಡಬೇಕಾಗುತ್ತದೆ. ನಾಲ್ಕನೆಯ ವರ್ಷ ಪೂರ್ತಿ ಬಾಡಿಗೆ ಇಲ್ಲ. ಹೊಸ ಬಾಡಿಗೆ ಚದರ ಅಡಿಗೆ 80 ರೂಪಾಯಿ. ಆ ವರ್ಷ ಹೊರಹೋಗುವ ಹಣವನ್ನು ಬರೆಯೋಣ: ಇಎಂಐ 7.30 ಕೋಟಿ, ತೆರಿಗೆ-ವಿಮೆಗಳ ಖರ್ಚು 0.76 ಕೋಟಿ, ಬಾಡಿಗೆದಾರ ಇದ್ದಾಗ ಅವನೇ ಕೊಡುತ್ತಿದ್ದ ಮೆಂಟೆನೆನ್ಸ್ ಶುಲ್ಕ ಚದರ ಅಡಿಗೆ 15 ರೂಪಾಯಿಯಂತೆ ಒಂಬತ್ತು ತಿಂಗಳಿಗೆ 1.35 ಕೋಟಿ, ಬ್ರೋಕರೇಜ್ ಎರಡು ತಿಂಗಳ ಬಾಡಿಗೆ 1.60 ಕೋಟಿ. ಒಟ್ಟು 11.01 ಕೋಟಿ. ಮೊದಲ ಮೂರು ವರ್ಷಗಳಲ್ಲಿ ಇಎಂಐ ಕಟ್ಟಿ ಕೈಯಲ್ಲಿ ಉಳಿದದ್ದು, ಒಂದು ರೂಪಾಯಿಯನ್ನೂ ಹಂಚಿಕೊಳ್ಳದೆ ಇಟ್ಟಿದ್ದರೂ, ಶೇ 5 ಖಾಲಿ ಕಳೆದ ಮೂಲ ಲೆಕ್ಕದಂತೆ 6.79 ಕೋಟಿ.

ಇದರ ಮೇಲೆ ಅಡ್ವಾನ್ಸ್. ಆರು ತಿಂಗಳ ಬಾಡಿಗೆ ಅಡ್ವಾನ್ಸ್ ಆಗಿದ್ದರೆ 5.40 ಕೋಟಿಯನ್ನು ಬಾಡಿಗೆದಾರ ಹೊರಡುವ ದಿನ ಹಿಂತಿರುಗಿಸಬೇಕು. ಕಟ್ಟಡ ಕೈ ಬದಲಾಗುವಾಗ ಮಾರುವವರು ಈ ಹಣವನ್ನು ಕೊಳ್ಳುವವರಿಗೆ ಒಪ್ಪಿಸುತ್ತಾರೆ ಅಥವಾ ಬೆಲೆಯಲ್ಲಿ ಕಳೆಯುತ್ತಾರೆ. ಕೊಳ್ಳುವವರು ಅದನ್ನು ತಮ್ಮ ಬಂಡವಾಳದ ಭಾಗವೆಂದೇ ಎಣಿಸಿ ಖರ್ಚು ಮಾಡಿರುತ್ತಾರೆ. ನಾನು ನೋಡುವ ಹಾಳೆಗಳಲ್ಲಿ ಅಡ್ವಾನ್ಸ್ ಒಳಬರುವ ಸಾಲು ಇರುತ್ತದೆ, ಹೊರಹೋಗುವ ಸಾಲು ಇರುವುದಿಲ್ಲ. ಬೇರೆಯಾಗಿ ಇಟ್ಟಿರದಿದ್ದರೆ ಬಾಡಿಗೆ ನಿಂತ ತಿಂಗಳಲ್ಲೇ 5.40 ಕೋಟಿ ಹುಡುಕಬೇಕು, ಹೊಸಬನ ಅಡ್ವಾನ್ಸ್ ಬರುವುದು ತಿಂಗಳುಗಳ ನಂತರ. ವರ್ಷದ ಲೆಕ್ಕದಲ್ಲಿ ಇವೆರಡೂ ಒಂದೇ ಕಂಬದಲ್ಲಿ ಬಿದ್ದು ಒಂದನ್ನೊಂದು ಅಳಿಸಿಹಾಕುತ್ತವೆ. ತಿಂಗಳ ಲೆಕ್ಕದಲ್ಲಿ ನಡುವಿನ ಗುಂಡಿ ಕಾಣುತ್ತದೆ.

ಹೀಗಾದ ಕಟ್ಟಡವನ್ನು ಐದನೆಯ ವರ್ಷದ ಕೊನೆಗೆ ಮಾರಿದರೆ ಆರನೆಯ ವರ್ಷದ ನಿವ್ವಳ ಆದಾಯ 8.28 ಕೋಟಿ, ಆಗಷ್ಟೇ ತುಂಬಿದ ಕಟ್ಟಡಕ್ಕೆ ಕೊಳ್ಳುವವರು ಶೇ 9ರ ಕ್ಯಾಪ್ ರೇಟ್ ಕೇಳಿದರೆ ಬೆಲೆ 92 ಕೋಟಿ. ಸಾಲ ತೀರಿಸಿದ ಮೇಲೆ ಉಳಿಯುವುದು 44 ಕೋಟಿ, ಶುರುವಿನಲ್ಲಿ ಹಾಕಿದ್ದು 69.12 ಕೋಟಿ. ಶೇ 9ರ ಕ್ಯಾಪ್ ರೇಟ್ ಸೆನ್ಸಿಟಿವಿಟಿ ಕೋಷ್ಟಕದಲ್ಲೂ ಇತ್ತು, ಆದರೆ ಅಲ್ಲಿ ಅದು ಶೇ 15 ಏರಿದ ಬಾಡಿಗೆಯ ಮೇಲೆ ಕೂತಿತ್ತು, ಆದ್ದರಿಂದ 5.2 ಎಂಬ ಸಾಧಾರಣ ಲಾಭ ತೋರಿಸಿತು. ಬಾಡಿಗೆ ಇಳಿಯುವುದು, ಕಟ್ಟಡ ಖಾಲಿ ಬೀಳುವುದು, ಕ್ಯಾಪ್ ರೇಟ್ ಏರುವುದು ಇವು ಮೂರೂ ಒಟ್ಟಿಗೆ ಬರುತ್ತವೆ, ಏಕೆಂದರೆ ಮೂರಕ್ಕೂ ಕಾರಣ ಒಂದೇ ಇರುತ್ತದೆ. ಸನ್ನಿವೇಶ ಬರೆಯುವುದೆಂದರೆ ಆ ಕಾರಣವನ್ನು ಮೊದಲು ಬರೆದು, ಅದರಿಂದ ಯಾವ ಯಾವ ಸಂಖ್ಯೆ ಯಾವ ತಿಂಗಳಲ್ಲಿ ಅಲುಗುತ್ತದೆ ಎಂದು ಆಮೇಲೆ ತುಂಬುವುದು. ಮೂಲ ಲೆಕ್ಕದ ಎಲ್ಲ ಸಂಖ್ಯೆಗಳನ್ನೂ ಶೇ 10 ಕೆಳಗಿಳಿಸಿ ಅದಕ್ಕೆ ಕೆಟ್ಟ ಸನ್ನಿವೇಶ ಎಂದು ಹೆಸರಿಡುವುದರಿಂದ ಏನೂ ತಿಳಿಯುವುದಿಲ್ಲ.

ಕಾರಣಗಳಿಗೆ ನಮ್ಮ ಊರಿನ ಇತ್ತೀಚಿನ ಚರಿತ್ರೆಯೇ ಸಾಕು. ವಿಶೇಷ ಆರ್ಥಿಕ ವಲಯದ ಕಟ್ಟಡಗಳನ್ನು ತೆಗೆದುಕೊಳ್ಳಿ. ಆ ವಲಯದಲ್ಲಿ ಹೊಸದಾಗಿ ಶುರುವಾಗುವ ಘಟಕಗಳಿಗೆ ಆದಾಯ ತೆರಿಗೆಯ ವಿನಾಯಿತಿ 2020ರಲ್ಲಿ ನಿಂತುಹೋಯಿತು. ಆಮೇಲೆ ಜಾಗ ಹುಡುಕುವ ಕಂಪನಿಗೆ ಆ ಕಟ್ಟಡದ ಕಟ್ಟುಪಾಡುಗಳು ಉಳಿದವು, ಲಾಭ ಉಳಿಯಲಿಲ್ಲ. ಅದೇ ರಸ್ತೆಯಲ್ಲಿ ವಲಯದ ಹೊರಗಿನ ಕಟ್ಟಡಗಳಿಗೆ ಬೇಡಿಕೆ ಇದ್ದಾಗಲೂ ವಲಯದೊಳಗೆ ಮಹಡಿಗಳು ಖಾಲಿ ಬಿದ್ದವು. ಹೊರಗಿನವರಿಗೆ ಬಾಡಿಗೆಗೆ ಕೊಡಲು ನಿಯಮ ಅಡ್ಡಬರುತ್ತಿತ್ತು. ಕೇಂದ್ರ ಸರ್ಕಾರ 2023ರ ಡಿಸೆಂಬರ್‌ನಲ್ಲಿ ನಿಯಮ ತಿದ್ದಿ ಮಹಡಿವಾರು ವಲಯದಿಂದ ಬಿಡಿಸಿಕೊಳ್ಳಲು ಅವಕಾಶ ಕೊಟ್ಟ ಮೇಲೆ ದಾರಿ ಸ್ವಲ್ಪ ಸಲೀಸಾಯಿತು. ಬೆಂಗಳೂರಿನ ಸರಾಸರಿ ಖಾಲಿ ಪ್ರಮಾಣವನ್ನು ತಂದು ತುಂಬಿದ ಯಾವ ಕೋಷ್ಟಕವೂ ಇದನ್ನು ಮೊದಲೇ ಹೇಳಲಾರದು. ತೆರಿಗೆ ವಿನಾಯಿತಿಯ ಕೊನೆಯ ದಿನ ಕಾಯ್ದೆಯಲ್ಲಿ ಮೊದಲೇ ಅಚ್ಚಾಗಿತ್ತು. ಅದನ್ನು ಓದಿ ಒಂದು ಸನ್ನಿವೇಶ ಬರೆಯಲು ಸಾಧ್ಯವಿತ್ತು.

2022ರ ಸೆಪ್ಟೆಂಬರ್‌ನಲ್ಲಿ ಹೊರ ವರ್ತುಲ ರಸ್ತೆಯ ಬೆಳ್ಳಂದೂರಿನ ಸುತ್ತಮುತ್ತ ಟೆಕ್ ಪಾರ್ಕುಗಳೊಳಗೆ ಮಳೆನೀರು ನುಗ್ಗಿತು. ಅಂಥ ಜಾಗದ ಕಟ್ಟಡಕ್ಕೆ ವಿಮೆಯ ಕಂತು, ನೆಲಮಾಳಿಗೆಯ ವಿದ್ಯುತ್ ಉಪಕರಣಗಳನ್ನು ಮೇಲಕ್ಕೇರಿಸುವ ಖರ್ಚು, ನವೀಕರಣದ ಹೊತ್ತಿಗೆ ಬಾಡಿಗೆದಾರನ ಚೌಕಾಸಿ ಮೂರನ್ನೂ ಒಂದೇ ಸನ್ನಿವೇಶದಲ್ಲಿ ಹಾಕಬೇಕು. ಒಳ್ಳೆಯ ಸನ್ನಿವೇಶಕ್ಕೂ ತಾರೀಖು ಬೇಕು. ಮೆಟ್ರೊ ಬಂದರೆ ಬಾಡಿಗೆ ಏರುತ್ತದೆ ಎಂದು ಬರೆಯುವವರು ಯಾವ ವರ್ಷ ಎಂದು ಬರೆಯುವುದಿಲ್ಲ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹೋಗುವ ಹಳದಿ ಮಾರ್ಗ ಮತ್ತೆ ಮತ್ತೆ ಮುಂದಕ್ಕೆ ಹೋಗಿ ಕೊನೆಗೆ 2025ರ ಆಗಸ್ಟ್‌ನಲ್ಲಿ ಶುರುವಾಯಿತು. ಐದು ವರ್ಷ ಇಟ್ಟುಕೊಳ್ಳುವವರಿಗೆ ಎರಡು ವರ್ಷದ ವಿಳಂಬವೆಂದರೆ ಆ ಏರಿಕೆ ಮುಂದೆ ಕೊಳ್ಳುವವರ ಪಾಲಾಗುತ್ತದೆ.

ಸನ್ನಿವೇಶಗಳಿಗೆ ಮೂಲ ಶೇ 60, ಒಳ್ಳೆಯದು 20, ಕೆಟ್ಟದ್ದು 20 ಎಂದು ತೂಕ ಹಾಕಿ ಒಂದೇ ಸರಾಸರಿ ಐಆರ್‌ಆರ್ ತೆಗೆಯುವುದನ್ನು ನಾನು ಮಾಡುವುದಿಲ್ಲ. ಒಂದೇ ಕಟ್ಟಡ ಕೊಳ್ಳುವವರು ಸರಾಸರಿಯನ್ನು ಅನುಭವಿಸುವುದಿಲ್ಲ, ಮೂರರಲ್ಲಿ ಒಂದನ್ನು ಅನುಭವಿಸುತ್ತಾರೆ. ಈ ಮಾತು ಈಗ ಸಣ್ಣ ಹೂಡಿಕೆದಾರರಿಗೂ ಅನ್ವಯಿಸುತ್ತದೆ. ಷೇರುಪೇಟೆಯ ನಿಯಂತ್ರಕ ಸೆಬಿ 2024ರ ಮಾರ್ಚ್‌ನಲ್ಲಿ ತಂದ, ಹಲವರ ಹಣ ಸೇರಿಸಿ ಬಾಡಿಗೆ ಬರುವ ಆಸ್ತಿ ಕೊಳ್ಳುವ ಸಣ್ಣ ಮತ್ತು ಮಧ್ಯಮ ರೀಟ್‌ಗಳ ನಿಯಮದಂತೆ 50 ಕೋಟಿಯಿಂದ 500 ಕೋಟಿವರೆಗಿನ ಆಸ್ತಿಯ ಯೋಜನೆಗಳಿಗೆ ಕನಿಷ್ಠ 10 ಲಕ್ಷ ರೂಪಾಯಿ ಹಾಕಿ ಸೇರಬಹುದು. ಬೆಂಗಳೂರಿನ ಎಂಬೆಸಿಯಂಥ ದೊಡ್ಡ ರೀಟ್‌ನಲ್ಲಿ ಒಬ್ಬ ಬಾಡಿಗೆದಾರ ಹೋದರೆ ಉಳಿದವರು ಹೊತ್ತುಕೊಳ್ಳುತ್ತಾರೆ. ಒಂದೆರಡು ಬಾಡಿಗೆದಾರರ ಸಣ್ಣ ಯೋಜನೆಯಲ್ಲಿ ಹೊರಲು ಯಾರೂ ಇರುವುದಿಲ್ಲ. ಯೋಜನೆಯ ಆಫರ್ ಡಾಕ್ಯುಮೆಂಟಿನಲ್ಲಿ ಮೊದಲು ನೋಡಬೇಕಾದದ್ದು ಲಾಕ್-ಇನ್ ಮುಗಿಯುವ ತಾರೀಖನ್ನು. ವಾರ್ಷಿಕ ಆದಾಯದ ಶೇಕಡಾವಾರು ಆಮೇಲೆ ಬರಲಿ.

ಕೆಟ್ಟ ಸನ್ನಿವೇಶವನ್ನು ಬರೆದ ಮೇಲೆ ಕೊಳ್ಳುವುದೇ ಬೇಡ ಎಂದು ಎದ್ದುಹೋಗಬೇಕಾಗಿಲ್ಲ. ಅದೇ ಕಟ್ಟಡ, ಅದೇ ಬೆಲೆ, ಸಾಲ ಮಾತ್ರ 60ರ ಬದಲು 40 ಕೋಟಿ ಎಂದು ಹಾಕಿ ನೋಡಿ. ವರ್ಷದ ಇಎಂಐ 4.87 ಕೋಟಿ. ಎಲ್ಲವೂ ಸರಿಯಾಗಿ ನಡೆದರೆ ಐಆರ್‌ಆರ್ ಆಗಲೂ ಶೇ 8.8ರ ಹತ್ತಿರವೇ ಇರುತ್ತದೆ, ಕಳೆದುಕೊಂಡದ್ದು ಏನೂ ಇಲ್ಲ. ಮೊದಲ ಮೂರು ವರ್ಷಗಳಲ್ಲಿ ಇಎಂಐ ಕಳೆದು ಉಳಿಯುವುದು 14.09 ಕೋಟಿ. ಬಾಡಿಗೆದಾರ ಹೊರಟುಹೋದ ನಾಲ್ಕನೆಯ ವರ್ಷಕ್ಕೆ ಬೇಕಾಗುವುದು 8.58 ಕೋಟಿ, ಅಡ್ವಾನ್ಸಿನ 5.40 ಕೋಟಿಯನ್ನೂ ಸೇರಿಸಿದರೆ 13.98 ಕೋಟಿ. ಮೂರು ವರ್ಷದ ಹಣವನ್ನು ಹಂಚಿಕೊಳ್ಳದೆ ಇಟ್ಟಿದ್ದರೆ ಹೊಸ ಸಾಲಕ್ಕೆ ಓಡಾಡದೆ, ಕಟ್ಟಡವನ್ನು ಆತುರದಲ್ಲಿ ಮಾರದೆ, ಸರಿಯಾದ ಬಾಡಿಗೆದಾರ ಸಿಗುವವರೆಗೆ ಕಾಯಲು ಆಗುತ್ತದೆ. ಮೊದಲ ಮೂರು ವರ್ಷ ಹಂಚಿಕೆ ಇಲ್ಲ ಎಂಬುದನ್ನು ಪಾಲುದಾರರ ಒಪ್ಪಂದದಲ್ಲಿ ಕೊಳ್ಳುವ ಮೊದಲೇ ಬರೆಸಿಕೊಳ್ಳಬೇಕು. ಬಾಡಿಗೆ ತಿಂಗಳು ತಿಂಗಳು ಬರಲು ಶುರುವಾದ ಮೇಲೆ ಆ ಮಾತಿಗೆ ಯಾರೂ ಸುಲಭವಾಗಿ ಒಪ್ಪುವುದಿಲ್ಲ.